ಹನಿ ತಾಗದ ದ್ರವಮಾಪಕ

ದ್ರವ ಪರೀಕ್ಷಾ ಇಲಾಖೆಯ ಹೊಸ ಯಂತ್ರಕ್ಕೆ ಈವರೆಗೆ ಒಂದು ಹನಿ ದ್ರವವೂ ತಾಗಿಲ್ಲ ಎಂಬುದನ್ನು ಸಂಬಂಧಪಟ್ಟವರೆಲ್ಲರ ಗಮನಕ್ಕೆ ಹರ್ಷದಿಂದ ತರಲಾಗಿದೆ.

ಯಂತ್ರದ ಕೆಲಸ ಸರಳ. ಅದರ ಉಗುರಗಲದ ಹರಳಿನ ಮೈಮೇಲೆ ಕಿವಿಗೆ ಕೇಳಿಸದ ಶಬ್ದದ ಅಲೆಯೊಂದು ಹರಿಯುತ್ತದೆ. ಮೇಲೆ ಒಂದು ಹನಿ ಎಣ್ಣೆ ಇಟ್ಟರೆ ಅಲೆ ಸೊರಗುತ್ತದೆ. ಎಷ್ಟು ಸೊರಗಿತು ಎಂಬುದರಿಂದ ಎಣ್ಣೆ ಎಷ್ಟು ಮಂದ, ಅದರಲ್ಲಿ ಕಲಬೆರಕೆ ಉಂಟೋ ಇಲ್ಲವೋ ತಿಳಿಯುತ್ತದೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲಾಖೆಯ ನಿಯಮ ಹದಿನೇಳರ ಪ್ರಕಾರ ವಿದ್ಯುತ್ ಉಪಕರಣಗಳ ಮೂರು ಅಡಿಯೊಳಗೆ ಯಾವುದೇ ದ್ರವ ತರುವಂತಿಲ್ಲ. ನಿಯಮ ಬರೆದವರ ಮನಸ್ಸಿನಲ್ಲಿದ್ದದ್ದು ಚಹಾದ ಲೋಟ. ಆದರೆ ಅವರು ಚಹಾ ಎಂದು ಬರೆದಿರಲಿಲ್ಲ.

ಪ್ರಯೋಗಾಲಯದ ಸಹಾಯಕಿಗೆ ಇದು ಬಿಸಿತುಪ್ಪವಾಯಿತು. ಹೊರಗಿನ ಬೆಂಚಿನ ಮೇಲೆ, ಗಾಣದಲ್ಲಿ ಎಣ್ಣೆ ತೆಗೆದು ಮಾರುವ ಅಜ್ಜನೊಬ್ಬ ವಾರದಿಂದ ಎಣ್ಣೆಯ ಶೀಸೆ ಹಿಡಿದು ಕೂತಿದ್ದ. ಶನಿವಾರದೊಳಗೆ ಪ್ರಮಾಣಪತ್ರ ಸಿಗದಿದ್ದರೆ ಅವನ ಅಂಗಡಿಗೆ ಬೀಗ. ನಲವತ್ತು ವರ್ಷದಲ್ಲಿ ಅವನು ಒಂದು ತೊಟ್ಟೂ ಬೆರಕೆ ಮಾಡಿದವನಲ್ಲ.

"ಸಾರ್, ಹನಿ ಇಡದೆ ಅಳೆಯೋದು ಹೇಗೆ?" ಎಂದು ಅಧಿಕಾರಿಯನ್ನು ಕೇಳಿದಳು.

"ಇಡ್ಬೇಡಿ ಅಂತ ಯಾರು ಹೇಳಿದ್ರು? ಮೂರಡಿ ದೂರದಲ್ಲಿಡಿ."

"ಹರಳಿನ ಮೇಲೆ ಏನಾದ್ರೂ ಇರ್ಲೇಬೇಕಲ್ಲ ಸಾರ್."

ಅಧಿಕಾರಿ ಕನ್ನಡಕ ಒರೆಸಿಕೊಂಡರು. "ಆ ಎಣ್ಣೆಯದೇ ಅರ್ಜಿ ಇದೆಯಲ್ಲ, ಅದನ್ನಿಡಿ. ಒಣಗಿದೆ."

ಇಟ್ಟಳು. ಅಲೆ ಸೋತು ಸುಣ್ಣವಾಯಿತು. ಅಜ್ಜ ಕಚೇರಿಗೆ ಮರ್ಯಾದೆ ಕೊಟ್ಟು ದಪ್ಪ ಕಾಗದದಲ್ಲಿ ಅರ್ಜಿ ಬರೆಸಿದ್ದ. ಫಲಿತಾಂಶ: ಎಣ್ಣೆ ಅತಿ ಮಂದ, ಮಾರಾಟಕ್ಕೆ ಅನರ್ಹ. ಅದೇ ದಿನ, ಎಣ್ಣೆಗೆ ಸಿಕ್ಕಿದ್ದೆಲ್ಲ ಬೆರೆಸುವ ಸಗಟು ವ್ಯಾಪಾರಿಯ ಅರ್ಜಿ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನದು, ಅತ್ಯುತ್ತಮ ದರ್ಜೆಯಲ್ಲಿ ತೇರ್ಗಡೆಯಾಯಿತು.

ಶುಕ್ರವಾರ ಸಹಾಯಕಿ ಬೆಂಚಿನ ಬಳಿ ಬಂದು ಮೆಲ್ಲಗೆ ಹೇಳಿದಳು, "ಅಜ್ಜ, ಅರ್ಜಿನ ತೆಳು ಕಾಗದದಲ್ಲಿ ಬರೆಸ್ಕೊಂಡು ಬನ್ನಿ."

"ಎಣ್ಣೇಲಿ ಏನು ತಪ್ಪಿದೆ ಮಗಳೇ?"

"ಎಣ್ಣೆನ ಯಾರೂ ನೋಡಿಲ್ಲ ಅಜ್ಜ."

ಅಜ್ಜ ಶೀಸೆಯನ್ನು ಬೆಳಕಿಗೆ ಹಿಡಿದು ತಾನೇ ಒಂದಿಷ್ಟು ಹೊತ್ತು ನೋಡಿದ. ಸಂಜೆಯೊಳಗೆ ತೆಳು ಅರ್ಜಿ ಬಂತು. ಅತ್ಯುತ್ತಮ. ಅಂಗಡಿ ಉಳಿಯಿತು, ಸಹಾಯಕಿಗೆ ನಿಜಕ್ಕೂ ಸಂತೋಷವಾಯಿತು.

ವರ್ಷ ಕಳೆದು ನವೀಕರಣಕ್ಕೆ ಬಂದ ಅಜ್ಜ ಮೈಕೈ ತುಂಬಿಕೊಂಡಿದ್ದ. ಗಾಣ ಮಾರಿ, ಸಗಟು ವ್ಯಾಪಾರಿಯ ಡಬ್ಬಗಳನ್ನೇ ತರಿಸಿ ಮಾರುತ್ತಿದ್ದನಂತೆ.

"ಪಾಸಾಗೋದು ಕಾಗದ ಅಂದ್ಮೇಲೆ ಗಾಣ ತಿರುಗ್ಸಿ ಸೊಂಟ ಯಾಕೆ ಮುರ್ಕೋಬೇಕು ಮಗಳೇ?" ಎಂದು ಅರ್ಜಿ ಚಾಚಿದ.

"ಮಾದರಿ ಶೀಸೆ ಎಲ್ಲಿ?"

"ಅದೂ ಬೇಕಾ?"

ಸಹಾಯಕಿ ನಿಯಮಪುಸ್ತಕ ತೆರೆದು ಬೆರಳಿಟ್ಟು ಓದಿದಳು.

"ಶೀಸೆ ಕಡ್ಡಾಯ ಅಜ್ಜ," ಎಂದಳು. "ಖಾಲಿ ಇದ್ರೆ ಒಳ್ಳೇದು, ಒಳಗೇ ತರಬಹುದು."