ಅರ್ಧ ಫೀಸಿನ ದೋಣಿ ವಿದ್ಯೆ

ಯಾರು ಎಷ್ಟೇ ಹೇಳಲಿ, ಅರ್ಧಕ್ಕೆ ಕೇಳಬೇಕು! ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ಮೇಲೆ ಬಂದ ನಾನು ಕೇಳಿದವರಿಗೂ ಕೇಳದವರಿಗೂ ಕೊಡುತ್ತಿದ್ದ ಉಪದೇಶ ಇದು.

ಇದೇ ಉಪದೇಶದಿಂದ ಮಗಳು ವಿಮಲಾಳಿಗೆ ಬಂದ ಎರಡು ಸಂಬಂಧ ಮುರಿದಿದ್ದವು. ಒಂದು ಕಡೆ ವಾಲಗದವರ ವಿಷಯದಲ್ಲಿ ಚೌಕಾಸಿ ಮಾಡಿದೆ. ಇನ್ನೊಂದು ಕಡೆ ಊಟದ ಎಲೆಗಳ ವಿಷಯದಲ್ಲಿ. ಈಗ ಬಾಣಾವರದ ಹುಡುಗನ ಸಂಬಂಧ ಬಂದಿತ್ತು. ವಿಮಲಾಳಿಗೂ ಮನಸ್ಸಿತ್ತು.

“ರೀ, ಇದೂ ತಪ್ಪಿದ್ರೆ ನಾನು ತವರಿಗೆ ಹೋಗ್ತೀನಿ ಅಷ್ಟೆ” ಎಂದಳು ಹೆಂಡತಿ ರಾಜಮ್ಮ.

ಹುಡುಗನ ಮನೆಯವರು ದೇವಸ್ಥಾನ ನೋಡಲು ಹಳೇಬೀಡಿಗೆ ಬರುವವರಿದ್ದರು. ಕೆರೆ ಏರಿಯ ಮೇಲೆ ಕೂತು ಮದುವೆ ಮಾತುಕತೆ ಮುಗಿಸುವುದೆಂದು ಆಯಿತು. ನನ್ನ ತಲೆ ಓಡಿತು! ಅಲ್ಲಿ ನಿವೃತ್ತ ಇಂಜಿನಿಯರೊಬ್ಬರು ನಾಲ್ಕಾರು ಹಾಯಿದೋಣಿ ಇಟ್ಟು ಕ್ಲಬ್ಬು ನಡೆಸುತ್ತಿದ್ದರು. ಸಂಜೆ ರೇಸು ಇರುತ್ತಿತ್ತು. ನಾನು ಗೆದ್ದು ಬಂದು ಕೂತರೆ ಬೀಗರು ತಾವಾಗಿಯೇ ತಗ್ಗುತ್ತಾರಲ್ಲವೇ?

ಇಂಜಿನಿಯರು ಕಲಿಸುವ ಫೀಸು ಹೇಳಿದರು. ನಾನು ಅರ್ಧಕ್ಕೆ ಕೇಳಿದೆ.

“ಅರ್ಧಕ್ಕೆ ಹೋಗೋದು ಮಾತ್ರ ಕಲಿಸ್ತೀನಿ” ಎಂದು ನಕ್ಕರು.

“ಸಾಕು ಸ್ವಾಮಿ! ಲಾರಿಯವರೇ ವಾಪಸ್ ಟ್ರಿಪ್ಪು ಅಗ್ಗಕ್ಕೆ ಬರ್ತಾರೆ. ಗಾಳಿ ಬರಲ್ವೇ?”

ಅವರು ನಗು ನಿಲ್ಲಿಸಿದರು. ನಾನು ಅದನ್ನು ಸೋಲೊಪ್ಪಿಕೊಂಡದ್ದೆಂದು ಭಾವಿಸಿದೆ!

ಬೀಗರು ಬಂದ ದಿನ ಸಂಜೆ ಹೊಸ ಟೆರಿಲಿನ್ ಷರಟು ತೊಟ್ಟು ದೋಣಿ ಹತ್ತಿದೆ. ಕೆರೆಯ ನಡುವೆ ತೇಲಿಬಿಟ್ಟ ಕೆಂಪು ಡ್ರಮ್ಮನ್ನು ಸುತ್ತಿ ಏರಿಗೆ ಮರಳಬೇಕು, ರೇಸೆಂದರೆ ಅಷ್ಟೆ. ಬೆನ್ನ ಹಿಂದೆ ಗಾಳಿ. ಎಲ್ಲರಿಗಿಂತ ಮುಂದೆ ನಾನು! ಏರಿಯ ಮೇಲಿದ್ದ ಬೀಗರಿಗೆ ಕೈ ಬೀಸಿದೆ. ಡ್ರಮ್ಮಿಗೂ ನಾನೇ ಮೊದಲು!

ಅಲ್ಲಿಗೆ ನನ್ನ ಅರ್ಧ ಫೀಸು ಮುಗಿಯಿತು.

ದೋಣಿ ತಿರುಗಿಸಿದೆ. ಬೆನ್ನ ಹಿಂದಿದ್ದ ಗಾಳಿ ಈಗ ಮುಖಕ್ಕೇ ಬೀಸತೊಡಗಿತು. ಹಾಯಿ ಸಂತೆಯ ಟಾರ್ಪಾಲಿನಂತೆ ಬಡಿದುಕೊಂಡಿತು. ದೋಣಿ ಹಿಂದಕ್ಕೆ ಹೊರಟಿತು! ಉಳಿದ ದೋಣಿಗಳೋ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಹೋಗುತ್ತ ಏರಿಯ ಕಡೆ ಸಾಗಿದವು.

“ಯಾಕ್ರಪ್ಪಾ ಅಡ್ಡಡ್ಡ ಹೋಗ್ತೀರಾ? ನೆಟ್ಟಗೆ ಹೋಗ್ರೋ!” ಎಂದು ಕೂಗಿ ಬುದ್ಧಿ ಹೇಳಿದೆ. ಹೇಳುತ್ತ ಹೇಳುತ್ತ ನಾನು ಎದುರು ದಡದ ಜೊಂಡಿನೊಳಗೆ ಹಿಮ್ಮುಖವಾಗಿ ಪ್ರವೇಶ ಮಾಡಿದೆ.

ಏರಿಯ ಮೇಲಿನ ಜನ ಸಾಸಿವೆ ಕಾಳಿನಷ್ಟು ಕಾಣುತ್ತಿದ್ದರು. ಆ ಸಾಸಿವೆಗಳಲ್ಲೇ ನನ್ನ ಬೀಗರು! ಮಗಳ ಮದುವೆ ಮಾತು ಅಲ್ಲಿ, ಅಪ್ಪ ಇಲ್ಲಿ ಕೆಸರಲ್ಲಿ. ಮೂರನೆಯ ಸಂಬಂಧವೂ ಮುಳುಗಿತೆಂದು ಕಣ್ಣು ತುಂಬಿತು.

ಪಕ್ಕದಲ್ಲೊಬ್ಬ ಎಮ್ಮೆ ತೊಳೆಯುತ್ತಿದ್ದ. “ಅಣ್ಣಾ, ದೋಣಿ ಎಳೆದು ದಡಕ್ಕೆ ಹಾಕು” ಎಂದೆ. ಅವನು ಕೂಲಿ ಹೇಳಿದ. ನನ್ನ ಹಾಳು ನಾಲಿಗೆ! “ಅರ್ಧ ಮಾಡ್ಕೋ” ಎಂದುಬಿಟ್ಟಿತು.

“ಹಂಗಾರೆ ಅಲ್ಲೇ ಕುಂತಿರಿ, ಯಜಮಾನ್ರೇ. ನಾ ಬತ್ತೀನಿ” ಎಂದು ಎಮ್ಮೆ ಹೊಡೆದುಕೊಂಡು ಹೊರಟ.

“ಪೂರ್ತಿ ಕೊಡ್ತೀನಪ್ಪೋ!” ಎಂದು ಕಿರುಚಿದೆ. ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಎಮ್ಮೆಯ ಕೊರಳಿಗೆ ಹಗ್ಗ ಕಟ್ಟಿ ದೋಣಿ ಎಳೆಸಿದ್ದಾಯಿತು. ನಾನು ಮೊಣಕಾಲುದ್ದ ಕೆಸರಿನಲ್ಲಿ ಕೆರೆ ಸುತ್ತಿ ಏರಿ ಸೇರುವಷ್ಟರಲ್ಲಿ ಮಬ್ಬುಗತ್ತಲು.

ಬೀಗರು ನಗುತ್ತ ಕೂತಿದ್ದರು! ರಾಜಮ್ಮನ ಮುಂದೆ ತಾಂಬೂಲದ ತಟ್ಟೆ.

“ಎಲ್ಲಾ ಮಾತು ಮುಗೀತು ಕಣ್ರೀ. ತಟ್ಟೆ ಬದಲಾಯಿಸೋಕೆ ನಿಮ್ಮನ್ನೇ ಕಾಯ್ತಿದ್ವಿ.”

“ವಾಲಗ? ಊಟ? ಎಲೆ?”

“ನೀವು ಅಷ್ಟು ದೂರ ಹೋಗಿದ್ದು ಒಳ್ಳೇದಾಯ್ತು, ಬೀಗ್ರೇ,” ಎಂದರು ಹುಡುಗನ ತಂದೆ. “ಒಂದು ಮಾತೂ ಹೆಚ್ಚು ಕಮ್ಮಿ ಬರಲಿಲ್ಲ.”

ನಾನು ಬಾಯಿ ತೆರೆದೆ. ರಾಜಮ್ಮ ಅದಕ್ಕೆ ವೀಳ್ಯ ತುರುಕಿದಳು.

ಮದುವೆ ಚೆನ್ನಾಗಿಯೇ ಆಯಿತು. ಅಂದಿನಿಂದ ಮನೆಯಲ್ಲಿ ಯಾವ ದೊಡ್ಡ ಮಾತುಕತೆ ಬಂದರೂ ರಾಜಮ್ಮ ಮೊದಲು ಕಿಟಕಿ ತೆರೆದು ಮರದ ತುದಿ ನೋಡುತ್ತಾಳೆ.

“ರೀ, ಗಾಳಿ ಚೆನ್ನಾಗೈತೆ. ಹಳೇಬೀಡಿನ ಕಡೆ ಹೋಗ್ಬನ್ನಿ.”