ಲ್ಯಾಪ್‌ಟಾಪ್ ಹಾರಿಸಿದ ಎರಡು ಗುಂಡು

ಚೆಟ್ಟಳ್ಳಿ ಸುತ್ತಮುತ್ತಲಿನ ತೋಟಗಳಲ್ಲಿ ಯಾವ ಸ್ಪ್ರೇಯರ್ ಕೆಮ್ಮಿದರೂ, ಯಾವ ಮೋಟಾರು ಮುನಿಸಿಕೊಂಡರೂ ಅದು ಕೊನೆಗೆ ಬಂದು ಸೇರುವುದು ನನ್ನ ಅಂಗಡಿಯ ಮೆಟ್ಟಿಲಿಗೆ. ನಾನು ಮಾರುವುದು ಪೈಪು, ವಾಷರು, ಗೊಬ್ಬರ. ರಿಪೇರಿ ನನ್ನ ಕಸುಬಲ್ಲ, ಚಟ. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿದ್ದೇನೆ. ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಉಳಿದರೆ ಅದು ಕಂಪನಿಯವರು ಹೆಚ್ಚಿಗೆ ಹಾಕಿದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಂಥವನಿಗೆ ಹೊಸ ಲ್ಯಾಪ್‌ಟಾಪಿನ ಸ್ಪೀಕರಿನಿಂದ ಬರುವ ಒಂದು 'ಟಪ್' ಶಬ್ದ ಯಾವ ಲೆಕ್ಕ?

ಲ್ಯಾಪ್‌ಟಾಪ್ ತಂದದ್ದು ಅಂಗಡಿಯ ಬಿಲ್ಲಿಗೆ ಎಂದು ಊರಿಗೆಲ್ಲ ಹೇಳಿದ್ದೆ. ಅಸಲು ಕಾರಣ ನನ್ನ ಹೆಂಡತಿ ಗಿರಿಜಾ. ಅವಳು ನಮ್ಮೂರ ಹೆಂಗಸರ ನೃತ್ಯ ತಂಡದ ನಾಯಕಿ. ಕಳೆದ ವರ್ಷ ತಾಲೂಕಿನ ಸ್ಪರ್ಧೆಯಲ್ಲಿ ಅವಳ ಮೊಬೈಲಿನಿಂದ ಹಾಡು ಹಾಕಿದ್ದರು. ತಂಡ ಕುಣಿತದ ಉತ್ತುಂಗದಲ್ಲಿದ್ದಾಗ ಯಾರೋ ಫೋನ್ ಮಾಡಿ, "ಮೇಡಂ, ನಿಮಗೆ ಸಾಲ ಬೇಕಾ?" ಎಂದು ಇಡೀ ಸಭಾಂಗಣಕ್ಕೆ ಕೇಳುವಂತೆ ವಿಚಾರಿಸಿದ. ತಂಡಕ್ಕೆ ಬಹುಮಾನ ಬರಲಿಲ್ಲ. ಈ ವರ್ಷ ಗೆಲ್ಲದಿದ್ದರೆ ತಂಡವನ್ನೇ ಮುಚ್ಚಿಬಿಡುತ್ತೇನೆ ಎಂದು ಗಿರಿಜಾ ಶಪಥ ಮಾಡಿದ್ದಳು. ಅವಳು ಶಪಥ ಮಾಡಿದರೆ ಮಾಡಿದಳೇ.

ಹೊಸ ಲ್ಯಾಪ್‌ಟಾಪ್ ಬಂತು. ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ತಿರುಗಿಸಿ, ತಂಡದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಸ್ಪರ್ಧೆಯ ಹಾಡು ಹಾಕಿದೆವು. ಟಪ್! ಹಾಡು ಶುರುವಾಯಿತು. ಈ ಹಾಡಿನ ನಡುವೆ ಒಂದು ಜಾಗದಲ್ಲಿ ಸಂಗೀತ ಪೂರ್ತಿ ನಿಲ್ಲುತ್ತದೆ. ಆಗ ಹೆಂಗಸರೆಲ್ಲ ಒಂದು ಕಾಲು ಎತ್ತಿ ಶಿಲೆಯಂತೆ ನಿಲ್ಲಬೇಕು, ಮತ್ತೆ ತಾಳ ಬಿದ್ದಾಗ ಒಟ್ಟಿಗೆ ಹೆಜ್ಜೆ ಇಡಬೇಕು. ಅದೇ ಅವರ ನೃತ್ಯದ ಪ್ರಾಣ. ಸರಿಯಾಗಿ ಅದೇ ಜಾಗದಲ್ಲಿ ಲ್ಯಾಪ್‌ಟಾಪ್ ಮತ್ತೆ 'ಟಪ್' ಅಂದಿತು. ಅರ್ಧ ಜನ ಅದನ್ನೇ ತಾಳ ಎಂದುಕೊಂಡು ಕಾಲು ಇಟ್ಟರು. ಉಳಿದ ಅರ್ಧ ಜನ ಅವರಿಗೆ ಡಿಕ್ಕಿ ಹೊಡೆದರು.

"ರೀ, ಗ್ಯಾರಂಟಿ ಇದೆಯಲ್ಲ, ಮಡಿಕೇರಿಗೆ ತಗೊಂಡ್ ಹೋಗಿ ಅಂಗಡಿಯವ್ರಿಗೇ ತೋರ್ಸಿ" ಎಂದಳು ಗಿರಿಜಾ.

"ಒಂದು ಟಪ್ಪಿಗೆ ಮಡಿಕೇರಿಗೆ ಹೋಗೋದಾ? ನನ್ ಮರ್ಯಾದೆ ಏನಾಗ್ಬೇಕು? ನಾಳೆ ಜನ ಮೋಟಾರ್ ತಗೊಂಡ್ ನನ್ ಹತ್ರ ಬರ್ತಾರಾ?"

"ಬರದಿದ್ರೆ ಒಳ್ಳೇದೇ ಅಲ್ವಾ" ಎಂದಳು. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ.

ನನ್ನ ಮೊದಲ ತೀರ್ಮಾನ: ಶೀತ. ನಮ್ಮ ಕಡೆ ಬೂಷ್ಟು ಹಿಡಿಯದ ವಸ್ತುವೇ ಇಲ್ಲ. ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಎಲ್ಲಕ್ಕೂ ಹಿಡಿಯುತ್ತದೆ. ಸ್ಪೀಕರ್ ಯಾವ ಮಹಾ? ಶೀತ ಹೀರುವುದಕ್ಕೆ ಅಕ್ಕಿಯಂಥ ಮದ್ದಿಲ್ಲ ಎಂದು ಕೇಳಿದ್ದೆ. ಲ್ಯಾಪ್‌ಟಾಪನ್ನು ಅಕ್ಕಿ ಡ್ರಮ್ಮಿನಲ್ಲಿ ಹೂತು, ಮೇಲೆ ಅಕ್ಕಿ ಸವರಿ, ನಿಶ್ಚಿಂತೆಯಿಂದ ಅಂಗಡಿಗೆ ಹೋದೆ. ಹೇಳಿ ಹೋಗಬೇಕಿತ್ತು. ಅಡುಗೆಗೆಂದು ಗಿರಿಜಾ ಪಾವನ್ನು ಅಕ್ಕಿಗೆ ಜೋರಾಗಿ ಇಳಿಸಿದಾಗ ಅದು 'ಠಣ್' ಎಂದು ನಿಂತಿತಂತೆ. ಅಜ್ಜನ ಕಾಲದ ನಿಧಿ ಸಿಕ್ಕಿತು ಎಂದು ಕೈ ಹಾಕಿದವಳಿಗೆ ಸಿಕ್ಕಿದ್ದು ಗ್ಯಾರಂಟಿ ಇರುವ ನಿಧಿ.

ಮೂಲೆಯಲ್ಲಿ ಒಂದು ಗೀರು ಬಿತ್ತು. ಅದು ಹೋಗಲಿ. ಸ್ಪೀಕರಿನ ತೂತುಗಳಿಗೆ ನುಚ್ಚು ನುಗ್ಗಿತ್ತು. ಈಗ ಹಾಡು ಹಾಕಿದರೆ 'ಟಪ್' ಜೊತೆಗೆ 'ಕಿರ್ರ್' ಕೂಡ ಉಚಿತವಾಗಿ ಬರತೊಡಗಿತು. ಪಿನ್ನು ಹಿಡಿದು ಒಂದು ಸಂಜೆಯೆಲ್ಲ ಕೂತು ನುಚ್ಚು ತೆಗೆದೆ. ಕಿರ್ರ್ ಹೋಯಿತು. ಟಪ್ ಉಳಿಯಿತು. ಆದರೂ ನಾನು ಬೀಗಿದೆ. ಅರ್ಧ ರಿಪೇರಿ ಮುಗಿದಂತಲ್ಲವೇ!

ಆಮೇಲೆ ವೀಡಿಯೊಗಳ ಮೊರೆ ಹೋದೆ. ಅದರಲ್ಲೊಬ್ಬ ಪುಣ್ಯಾತ್ಮ ರೋಗದ ಮೂಲವನ್ನೇ ಹೇಳಿದ. ಕರೆಂಟು ಉಳಿಸುವುದಕ್ಕಾಗಿ ಸ್ಪೀಕರ್ ಸ್ವಲ್ಪ ಹೊತ್ತು ಶಬ್ದ ಇಲ್ಲದಿದ್ದರೆ ನಿದ್ದೆ ಹೋಗುತ್ತದಂತೆ. ಮತ್ತೆ ಶಬ್ದ ಬಂದಾಗ ಬೆಚ್ಚಿ ಎದ್ದು 'ಟಪ್' ಅನ್ನುತ್ತದಂತೆ. ಹುಷಾರಿಲ್ಲದ್ದು ಅಲ್ಲ, ಸೋಮಾರಿತನ! ಎಷ್ಟು ಸೆಕೆಂಡು ಸುಮ್ಮನಿದ್ದರೆ ನಿದ್ದೆ ಹೋಗಬೇಕು ಎಂದು ಕೇಳುವ ಒಂದು ಚೌಕ ಸೆಟ್ಟಿಂಗ್‌ನಲ್ಲಿದೆ, ಅಲ್ಲಿರುವ ಮೂರನ್ನು ಅಳಿಸಿ ಸೊನ್ನೆ ಹಾಕಿ ಎಂದ.

ಮೂರನ್ನು ಅಳಿಸಿದೆ. ಸೊನ್ನೆ ಹಾಕಲು ಕೈ ಬರಲಿಲ್ಲ. ನಮ್ಮ ಮನೆತನದಲ್ಲಿ ಮದುವೆಗೆ ಮುಯ್ಯಿ ಕೊಡುವಾಗ ಕೂಡ ನೂರಕ್ಕೆ ಒಂದು ಸೇರಿಸುತ್ತೇವೆ. ಸೊನ್ನೆಯಲ್ಲಿ ಯಾವುದನ್ನೂ ನಿಲ್ಲಿಸುವುದಿಲ್ಲ. ಕುಂಕುಮ ಇನ್ನೂ ಮಾಸದ ಹೊಸ ಸಾಮಾನಿಗೆ, ಅದೂ ಸ್ಪರ್ಧೆಯ ಹೊತ್ತಿನಲ್ಲಿ, ಸೊನ್ನೆ ಹಾಕುವುದೇ? ಸೊನ್ನೆಗೂ ಒಂದಕ್ಕೂ ಎಷ್ಟು ದೂರ? ಪಕ್ಕದ ಮನೆ ಇದ್ದ ಹಾಗೆ. ಶುಭವಾಗಲಿ ಎಂದು ಒಂದು ಹಾಕಿದೆ. ಪರೀಕ್ಷೆಗೆ ಎಡೆಬಿಡದೆ ಬಡಿಯುವ ಒಂದು ಡೋಲಿನ ಹಾಡು ಹಾಕಿ ಕೇಳಿದೆ. ನಡುವೆ ಎಲ್ಲೂ ಒಂದೇ ಒಂದು ಟಪ್ ಇಲ್ಲ!

"ಗಿರಿಜಾ, ಆಯ್ತು ನೋಡು" ಎಂದೆ.

"ನಮ್ ಹಾಡು ಹಾಕಿ ನೋಡಿದ್ರಾ?"

"ಡೋಲಿಗೇ ಬರದ್ದು ನಿಮ್ ಹಾಡಿಗೆ ಬರತ್ತಾ?"

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ಕೊನೆಯ ಅಭ್ಯಾಸ. ಜಾಗ, ಪಕ್ಕದ ಮನೆಯ ಪೊನ್ನಪ್ಪಣ್ಣನ ಕಾಫಿ ಒಣಗಿಸುವ ಕಣ. ಅವರ ಮನೆಯಲ್ಲಿ ಮಗಳ ಮದುವೆಗೆಂದು ಕೊಂಡ ಎರಡು ದೊಡ್ಡ ಬಾಕ್ಸು ಸ್ಪೀಕರುಗಳಿದ್ದವು. ಪೊನ್ನಪ್ಪಣ್ಣ ಅವನ್ನು ಹೊರಗಿಟ್ಟು ತೋಟಕ್ಕೆ ಹೋಗಿದ್ದರು. ಅವರ ತಂದೆ ಚಂಗಪ್ಪಜ್ಜ ಜಗಲಿಯ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತಿದ್ದರು. ವಯಸ್ಸು ತೊಂಬತ್ತರ ಆಚೆ, ಹಲ್ಲು ಗಟ್ಟಿ, ಕಿವಿ ಮಾತ್ರ ಮಂದ. ಹೆಂಗಸರು ಸೀರೆ ಸಿಕ್ಕಿಸಿ ಸಾಲಾಗಿ ನಿಂತರು.

ನಾನು ವೈರು ಜೋಡಿಸಿದೆ. ಇಡೀ ಊರಿಗೆ ನನ್ನ ರಿಪೇರಿ ಕೇಳಲಿ ಎಂದು ವಾಲ್ಯೂಮು ತುದಿ ಮುಟ್ಟಿಸಿದೆ. ಗುಂಡಿ ಒತ್ತಿದೆ.

ಸ್ಪೀಕರ್ ನಿದ್ದೆಯಿಂದ ಎದ್ದಿತು: ಢಂ! ಹಾಡಿನ ಆರಂಭದಲ್ಲಿ, ಹೆಂಗಸರು ನಿಲ್ಲಲಿ ಎಂದು, ಸ್ವಲ್ಪ ಮೌನವಿತ್ತು. ನಾನು ಕೊಟ್ಟಿದ್ದ ಆಜ್ಞೆಯಂತೆ ಅದು ಒಂದೇ ಸೆಕೆಂಡಿಗೆ ಮತ್ತೆ ನಿದ್ದೆ ಹೋಯಿತು. ಹಾಡು ಶುರುವಾಗಬೇಕು ಅನ್ನುವಾಗ ಮತ್ತೆ ಬೆಚ್ಚಿ ಎದ್ದಿತು: ಢಂ! ಕಾಗೆಗಳು ಹಾರಿದವು. ಹಾಡು ಬರಲಿಲ್ಲ. ಫ್ಯೂಸು ಹೋಗಿತ್ತು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮೂರಲ್ಲಿ ಯಾರದಾದರೂ ಮನೆಯಲ್ಲಿ ಸಾವಾದರೆ ಅಂಗಳದಲ್ಲಿ ನಿಂತು ಕೋವಿಯಿಂದ ಎರಡು ಗುಂಡು ಹಾರಿಸುತ್ತಾರೆ. ಆ ಸದ್ದು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಗೆ ಹೊರಡುತ್ತಾರೆ. ಯಾರೂ ಕರೆಯಬೇಕಾಗಿಲ್ಲ. ಸೋಮವಾರಪೇಟೆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನನಗೂ ಇದು ಚೆನ್ನಾಗಿ ಗೊತ್ತು. ಆದರೆ ಆ ಗಳಿಗೆಯಲ್ಲಿ ನನ್ನ ತಲೆಯೆಲ್ಲ ಫ್ಯೂಸಿನೊಳಗಿತ್ತು.

ಫ್ಯೂಸಿಗೆ ತಂತಿ ಸುತ್ತುತ್ತಿದ್ದಾಗ ಜೇಬಿನ ಮೊಬೈಲು ಬಿಡದೆ ಗುಂಯ್‌ಗುಟ್ಟಿತು. ತೆಗೆದು ನೋಡಿದರೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಚಂಗಪ್ಪಜ್ಜನ ಫೋಟೊ. ಕೆಳಗೆ ಸಾಲಾಗಿ 'ಓಂ ಶಾಂತಿ', ಕೈಮುಗಿದ ಚಿತ್ರಗಳು. ಅಯ್ಯೋ, ಎಂಥ ಒಳ್ಳೆಯ ಮನುಷ್ಯ ಎಂದುಕೊಂಡೆ. ಅಭ್ಯಾಸಬಲದಿಂದ ನಾನೂ ಕೈಮುಗಿದ ಚಿತ್ರ ಒತ್ತಿ ಕಳಿಸಿ, ಮೊಬೈಲು ಜೇಬಿಗೆ ಹಾಕಿ, ತಲೆ ಎತ್ತಿದೆ. ಎದುರಿಗೆ ಚಂಗಪ್ಪಜ್ಜ ಕಾಫಿ ಹೀರುತ್ತಿದ್ದರು.

"ಮಲ್ಲೇಶ, ಹಾಡು ಎಂತ ಆಯ್ತು?" ಎಂದರು.

ಮೊಬೈಲು ಮತ್ತೆ ಹೊರಗೆ ತೆಗೆದೆ. ಅಳಿಸೋಣವೆಂದರೆ ಗಡಿಬಿಡಿಯಲ್ಲಿ 'ನನಗೆ ಮಾತ್ರ ಅಳಿಸು' ಎಂಬುದನ್ನು ಒತ್ತಿದೆ. ನನ್ನ ಮೊಬೈಲಿನಲ್ಲಿ ಅಜ್ಜ ಬದುಕಿದರು, ಊರಿನವರ ಮೊಬೈಲಿನಲ್ಲಿ ಹೋದವರು ಹೋದವರೇ. ಅದುವರೆಗೆ ಅನುಮಾನದಲ್ಲಿದ್ದವರು ಕೂಡ, ಮಲ್ಲೇಶಣ್ಣ ಅದೇ ಮನೆಯ ಕಣದಲ್ಲಿದ್ದಾರೆ, ಅವರೇ ಕೈಮುಗಿದ ಮೇಲೆ ಇನ್ನೇನು ಎಂದು ಹೊರಟುಬಿಟ್ಟರಂತೆ.

ಮೊದಲು ಬಂದದ್ದು ಪೊನ್ನಪ್ಪಣ್ಣ. ತನ್ನ ಮನೆಯಿಂದಲೇ ಎರಡು ಸದ್ದು ಕೇಳಿ ಕಾಫಿ ಗಿಡಗಳ ನಡುವೆ ಓಡಿ ಬಂದಿದ್ದರು. ಒಂದು ಕಾಲಿನಲ್ಲಿ ಮಾತ್ರ ಬೂಟು, ಮೈಯೆಲ್ಲ ಗೀರು, ಮುಖದಲ್ಲಿ ರಕ್ತವಿಲ್ಲ. ಜಗಲಿಯಲ್ಲಿ ಕೂತ ಅಪ್ಪನನ್ನು ಕಂಡು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಅವರ ಕಾಲು ಹಿಡಿದುಕೊಂಡರು.

"ಎಂತ ಹೀಗೆ ಓಡಿ ಬಂದದ್ದು? ಆನೆ ಬಂತಾ?" ಎಂದರು ಅಜ್ಜ.

ಆ ದೃಶ್ಯ ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಮಗನೊಬ್ಬನಿಗೆ ತೋಟದ ಆ ತುದಿಯಿಂದ ಈ ತುದಿಯವರೆಗೆ ಎಂಥ ದುಃಖ ಕೊಟ್ಟುಬಿಟ್ಟೆ! ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗೇಟಿನ ಹತ್ತಿರ ಜೀಪುಗಳು ನಿಂತವು. ಬಿಳಿ ಪಂಚೆ, ಬಿಳಿ ಸೀರೆ, ಇಳಿದ ಮುಖಗಳು. ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕಾಫಿ ಪಿಕ್ಕಿಂಗ್ ನಿಲ್ಲಿಸಿ ಲೈನುಮನೆಗಳ ಕೂಲಿಯವರನ್ನೆಲ್ಲ ಕರೆದುಕೊಂಡು ಬಂದಿದ್ದ. ಎಲ್ಲರಿಗಿಂತ ಮುಂದೆ ಉತ್ತಯ್ಯಜ್ಜ. ತೋಟದ ದಾರಿಯ ವಿಷಯಕ್ಕೆ ಚಂಗಪ್ಪಜ್ಜನ ಜೊತೆ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದ ಮನುಷ್ಯ. ಕಣ್ಣೊರೆಸಿಕೊಳ್ಳುತ್ತಾ, ನೆಲ ನೋಡುತ್ತಾ ಜಗಲಿ ಹತ್ತಿದರು. ತಲೆ ಎತ್ತಿದರೆ ಎದುರಿಗೆ ಹೋದವರೇ ಕೂತಿದ್ದಾರೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಬಾ, ಕೂತ್ಕೋ. ನೀನು ಬರ್ತೀ ಅಂತ ನಾನು ಅಂದ್ಕೊಂಡಿರ್ಲಿಲ್ಲ" ಎಂದರು ಚಂಗಪ್ಪಜ್ಜ.

"ನೀನಿರುವಾಗ ಬರುವುದು ಅಂತ ನಾನೂ ಅಂದ್ಕೊಂಡಿರ್ಲಿಲ್ಲ ಮಾರಾಯ" ಎಂದರು ಉತ್ತಯ್ಯಜ್ಜ. ಹೇಳಿ, ಅಳುತ್ತಲೇ ನಕ್ಕುಬಿಟ್ಟರು. ಚಂಗಪ್ಪಜ್ಜ ತಮ್ಮ ಕಾಫಿಯನ್ನು ಅವರ ಕೈಗೆ ಕೊಟ್ಟರು.

ಪೊನ್ನಪ್ಪಣ್ಣ ಎದ್ದು ಕಣದ ಕಡೆ ತಿರುಗಿ, "ಗುಂಡು ಹೊಡೆದದ್ದು ಯಾರು?" ಎಂದರು. ಹೆಂಗಸರೆಲ್ಲ ನನ್ನ ಕಡೆ ನೋಡಿದರು. ನಾನು ಲ್ಯಾಪ್‌ಟಾಪಿನ ಕಡೆ ನೋಡಿದೆ. ಅದು ನಿದ್ದೆ ಹೋಗಿತ್ತು.

ವಿಷಯ ತಿಳಿದ ಮೇಲೆ ಜನ ನಕ್ಕ ನಗು ದೂರದ ನೆಲ್ಯಹುದಿಕೇರಿಗೂ ಕೇಳಿಸಿರಬೇಕು. ಚಂಗಪ್ಪಜ್ಜನ ಸಂಭ್ರಮ ಕೇಳುವುದೇ ಬೇಡ. ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ಕುರ್ಚಿಯಿಂದಲೇ ಹಾಜರಿ ತೆಗೆದುಕೊಂಡರು. ತಡವಾಗಿ ಬಂದವರಿಗೆ, "ಇಷ್ಟು ಹೊತ್ತು ನನ್ನನ್ನು ಇಡ್ಲಿಕ್ಕೆ ಆಗ್ತಿತ್ತಾ?" ಎಂದು ಗದರಿದರು.

ಈ ಗದ್ದಲದ ನಡುವೆ ಗಿರಿಜಾ ಮಾತ್ರ ನಗುತ್ತಿರಲಿಲ್ಲ. ಅವಳ ಕಣ್ಣು ತುಂಬಿತ್ತು. "ನಾಳೆ ಸ್ಪರ್ಧೆ. ಒಂದ್ ಸಲವೂ ಹಾಡು ಸರಿಯಾಗಿ ಬರ್ಲಿಲ್ಲ. ಇನ್ನ್ ಹೋಗೋದ್ ಬೇಡ ಬಿಡಿ" ಎಂದಳು. ಊರೆಲ್ಲ ನಕ್ಕದ್ದು ತಡೆದುಕೊಂಡೆ, ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಆ ಚೌಕವನ್ನು ತೆರೆದು ಅವಳ ಮುಂದೆ ಹಿಡಿದು, ನಾನು ಮಾಡಿದ್ದೆಲ್ಲ ಹೇಳಿದೆ.

ಅವಳು ಚೌಕದ ಪಕ್ಕದ ಸಣ್ಣ ಅಕ್ಷರ ಓದಿದಳು. "ಸೊನ್ನೆ ಹಾಕಿದ್ರೆ ನಿದ್ದೆಯೇ ಇಲ್ಲ ಅಂತ ಬರ್ದಿದೆಯಲ್ರೀ. ನೀವ್ಯಾಕೆ ಒಂದು ಹಾಕಿದ್ರಿ?"

"ಶುಭ ಅಂತ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಬಂದವರನ್ನು ನೋಡಿದಳು, ಕುರ್ಚಿಯಲ್ಲಿ ಕೂತ ಅಜ್ಜನನ್ನು ನೋಡಿದಳು. ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಸೊನ್ನೆ ಹಾಕಿದಳು.

ಪೊನ್ನಪ್ಪಣ್ಣ ಫ್ಯೂಸು ಹಾಕಿದರು. ನನ್ನನ್ನು ಹತ್ತಿರಕ್ಕೆ ಬಿಡಲಿಲ್ಲ. ದುಃಖಕ್ಕೆಂದು ಬಂದ ಅಷ್ಟೂ ಜನ ಕಣದ ಸುತ್ತ ಕೂತರು. ಹಾಡು ತಣ್ಣಗೆ ಶುರುವಾಯಿತು. ಆ ಜಾಗ ಬಂದಾಗ ಸಂಗೀತ ನಿಂತಿತು, ಹೆಂಗಸರು ಒಂದು ಕಾಲು ಎತ್ತಿ ನಿಂತರು. ಒಂದು ಚೂರೂ ಸದ್ದಿಲ್ಲ. ತಾಳ ಬಿತ್ತು, ಎಲ್ಲ ಕಾಲೂ ಒಟ್ಟಿಗೆ ನೆಲ ಮುಟ್ಟಿದವು. ಲೈನಿನ ಹೆಂಗಸರು ಕೇಕೆ ಹಾಕಿದರು. ಉತ್ತಯ್ಯಜ್ಜ ಕೂತಲ್ಲೇ ಕುಣಿದರು. ನನಗೆ ಎಷ್ಟು ಖುಷಿಯಾಯಿತೆಂದರೆ, ರಿಪೇರಿ ಮಾಡಿದ್ದು ನಾನಲ್ಲ ಎಂಬುದು ಒಂದು ಕ್ಷಣ ಮರೆತೇ ಹೋಯಿತು.

ಹೊರಡುವಾಗ ಚಂಗಪ್ಪಜ್ಜ ಮಗನನ್ನು ಕರೆದು ಎಲ್ಲರೆದುರು ಆಜ್ಞೆ ಮಾಡಿದರು: "ನನಗೆ ಇನ್ನು ಎರಡು ಗುಂಡು ಸಾಲದು, ಮೂರು ಹೊಡಿ. ಎರಡು ಕೇಳಿದರೆ ಮಲ್ಲೇಶನ ಲ್ಯಾಪ್‌ಟಾಪ್ ಅಂತ ಯಾರೂ ಬರುವುದಿಲ್ಲ."

ಮರುದಿನ ಸ್ಪರ್ಧೆಯಲ್ಲಿ ನಮ್ಮ ತಂಡಕ್ಕೆ ಮೊದಲ ಬಹುಮಾನ ಬಂತು. ಅಷ್ಟು ಜನರೆದುರು ಕುಣಿದು ಎಲ್ಲರ ಭಯ ಬಿಟ್ಟುಹೋಗಿತ್ತು. ಗಿರಿಜಾ ಬಹುಮಾನದ ಕಪ್ ಹಿಡಿದು ಮೈಕಿನ ಮುಂದೆ ನಿಂತು ಎಲ್ಲರಿಗೂ ಕೃತಜ್ಞತೆ ಹೇಳಿದಳು. ಕಣ ಕೊಟ್ಟ ಪೊನ್ನಪ್ಪಣ್ಣನಿಗೆ, ಇನ್ನೂ ಇರುವುದಕ್ಕಾಗಿ ಚಂಗಪ್ಪಜ್ಜನಿಗೆ. ನಾನು ಹಿಂದಿನ ಸಾಲಿನಲ್ಲಿ ಅಂಗಿ ಸರಿಮಾಡಿಕೊಂಡು ಕಾದೆ.

"ಕೊನೇದಾಗಿ ನಮ್ಮ ಯಜಮಾನ್ರಿಗೆ" ಎಂದಳು. "ಬೆಳಿಗ್ಗೆಯಿಂದ ಅವ್ರು ಲ್ಯಾಪ್‌ಟಾಪ್ ಮುಟ್ಟಿಲ್ಲ."

ಸಭಾಂಗಣ ಚಪ್ಪಾಳೆಯಿಂದ ನಡುಗಿತು. ಇಷ್ಟು ವರ್ಷ ಊರಿನ ಸಕಲ ಯಂತ್ರಗಳನ್ನೂ ಬಿಚ್ಚಿ ಜೋಡಿಸಿದ ನನಗೆ ಸಾರ್ವಜನಿಕ ಗೌರವ ಸಿಕ್ಕಿದ್ದು ಇದೊಂದೇ ಸಲ, ಅದೂ ಏನೂ ಮಾಡದೆ ಕೂತದ್ದಕ್ಕೆ.