ನಮ್ಮ ಝೆನೋನ್ ಭಾವನ ಸರದಿಯನ್ನು ನುಂಗಿದ ಕಂಪನಿಗೆ

ವಾರ್ಸಾದ ‘ಕಬ್ಬಿಣದ ಮುಳ್ಳುಹಂದಿ’ ಆಟಗಳ ಕಂಪನಿಯ ನಿರ್ದೇಶಕರಿಗೂ, ಅವರ ಕೈಕೆಳಗೆ ಕುಳಿತು ಕುದುರೆಯ ಬಾಲವನ್ನು ಕೂದಲು ಕೂದಲಾಗಿ ಬಿಡಿಸುವ ಚಿತ್ರಕಾರರಿಗೂ, ಸಾಯುವ ಸೈನಿಕರಿಗೆ ದನಿ ಕೊಡುವ ಕಲಾವಿದರಿಗೂ ಪೊಜ್ನಾನ್‌ನಿಂದ ಯಾಗೋದಾ ಕೊಸ್ಮಾಲಾ ಎಂಬವಳು ತಲೆಬಾಗಿ ಸಲ್ಲಿಸುವ ವಂದನೆಗಳು.

ಮಾನ್ಯರೇ,

ತಾವೆಲ್ಲರೂ ಕ್ಷೇಮವಾಗಿದ್ದೀರಿ, ತಮ್ಮ ಕಚೇರಿಯ ಕಾಫಿ ಯಂತ್ರವೂ ಕ್ಷೇಮವಾಗಿದೆ ಎಂದು ನಂಬಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು. ಕಂಪ್ಯೂಟರ್ ಆಟಗಳ ಗುಣದೋಷ ಎಣಿಸುವ ಯೋಗ್ಯತೆ ನನಗಿಲ್ಲ. ಆದರೂ ತಮ್ಮ ‘ಉಪ್ಪಿನ ಸಂಸ್ಥಾನ’ದ ಎರಡನೇ ಭಾಗ ಈ ವಸಂತದಲ್ಲಿ ಬಿಡುಗಡೆಯಾದಾಗ ಪತ್ರಿಕೆಗಳು ಸುರಿಸಿದ ಹೊಗಳಿಕೆಯನ್ನು ಓದಿದ್ದೇನೆ. ಮೊದಲ ಭಾಗದಲ್ಲಿ ಆಟಗಾರರು ಒಬ್ಬರಾದ ಮೇಲೊಬ್ಬರು, ಸರದಿ ಬಂದಾಗ ಮಾತ್ರ ಸೇನೆ ನಡೆಸಬೇಕಿತ್ತು. ಎರಡನೇ ಭಾಗದಲ್ಲಿ ಆ ಕಾಯುವ ಪೀಡೆಯೇ ಇಲ್ಲ, ಎಲ್ಲರೂ ಒಟ್ಟಿಗೇ ನುಗ್ಗಬಹುದು, ಇದು ಈ ಕಾಲದ ಮಹತ್ಸಾಧನೆ ಎಂದು ಅವು ಬರೆದಿದ್ದವು. ಎಲ್ಲರೂ ಒಟ್ಟಿಗೇ ನುಗ್ಗುವ ವಿದ್ಯೆಯನ್ನು ಕಂಡುಹಿಡಿಯಲು ತಮ್ಮಂಥ ಮೇಧಾವಿಗಳಿಗೆ ವರ್ಷಗಟ್ಟಲೆ ಬೇಕಾಯಿತೆಂದು ತಿಳಿದು ನಮಗೆ ಆಶ್ಚರ್ಯವಾಯಿತು. ನನ್ನ ಗಂಡನ ಮನೆಯವರಿಗೆ ಅದು ಹುಟ್ಟಿನಿಂದಲೇ ಬಂದಿತ್ತು.

ಆ ಮನೆಯವರನ್ನು ತಮಗೆ ಪರಿಚಯಿಸಬೇಕು. ನನ್ನ ಯಜಮಾನರಾದ ಸೆವೆರಿನ್ ಅವರು ಕಾರು ಕಲಿಸುವ ಗುರುಗಳು. ಪಕ್ಕದ ಸೀಟಿನಲ್ಲಿ ಕೂತು ಇನ್ನೊಬ್ಬರ ಬ್ರೇಕ್ ಒತ್ತುವುದು ಅವರಿಗೆ ಎಷ್ಟು ರೂಢಿಯಾಗಿದೆಯೆಂದರೆ, ಊಟದ ಮೇಜಿನಲ್ಲೂ ಯಾರ ಮಾತು ಚಲಿಸತೊಡಗಿದರೂ ಅವರ ಕಾಲು ತಾನಾಗಿ ಕೆಳಗಿಳಿಯುತ್ತದೆ. ಅವರ ಅಕ್ಕ ಬ್ರೋನ್ಯಾ ಔಷಧದ ಅಂಗಡಿಯಲ್ಲಿರುವವರು, ಗಿರಾಕಿ ಬಾಯಿ ತೆರೆಯುವಷ್ಟರಲ್ಲಿ ಕೆಮ್ಮಿನ ಸಿರಪ್ ಕಟ್ಟಿಕೊಟ್ಟು ಕಳಿಸುವವರು. ಬಂದವನು ಎಷ್ಟೋ ಸಲ ಅಂಚೆ ಕಚೇರಿಯ ದಾರಿ ಕೇಳಲು ಬಂದಿರುತ್ತಾನೆ. ಇಬ್ಬರನ್ನೂ ಹೆತ್ತ ನನ್ನ ಅತ್ತೆ ಲೆಯೊಕಾದ್ಯಾ ಅವರು ಮಕ್ಕಳಿಬ್ಬರ ಮಾತಿನ ಮೇಲೆ ತಮ್ಮ ಮಾತನ್ನು, ಒಲೆಯ ಮೇಲಿನ ಪಾತ್ರೆಗೆ ಮುಚ್ಚಳ ಹಾಕಿದಂತೆ, ಹಾಕಿಬಿಡುತ್ತಾರೆ. ಉಳಿದವರು ಬ್ರೋನ್ಯಾ ಅವರ ಪತಿ ಝೆನೋನ್ ಭಾವ. ಅವರು ನಗರದ ಗಾಜಿನ ಮನೆಯಲ್ಲಿ ತಾಳೆ ಮರಗಳನ್ನು ನೋಡಿಕೊಳ್ಳುತ್ತಾರೆ. ಮದುವೆಯಾದಂದಿನಿಂದ ಪ್ರತಿ ಭಾನುವಾರ ಅತ್ತೆಯ ಮನೆಗೆ ಊಟಕ್ಕೆ ಬಂದ ಆ ಸಜ್ಜನರು ಅಲ್ಲಿ ಒಂದು ವಾಕ್ಯವನ್ನಾದರೂ ಪೂರ್ತಿ ಮುಗಿಸಿದ್ದನ್ನು ನಾವು ಯಾರೂ ಕೇಳಿರಲಿಲ್ಲ.

ಇಂಥ ಮನೆಗೆ ತಮ್ಮ ಮೊದಲ ಭಾಗ ಬಂದದ್ದು ಅತ್ತೆಯ ನಾಮದಿನದ, ಅಂದರೆ ಅವರ ಹೆಸರಿನ ಸಂತರ ಹಬ್ಬದ, ಉಡುಗೊರೆಯಾಗಿ. ಝೆನೋನ್ ಭಾವ ಕಂಪ್ಯೂಟರಿನೊಳಗೆ ಆಟವನ್ನೂ ಹಾಕಿ ತಂದಿದ್ದರು. ಅತ್ತೆಯ ಮನೆಯಲ್ಲಿ ಬಿಡುವಾಗಿದ್ದ ಪ್ಲಗ್ ಊಟದ ಮೇಜಿನ ಪಕ್ಕದಲ್ಲಿ ಮಾತ್ರ ಇದ್ದುದರಿಂದ ಕಂಪ್ಯೂಟರ್ ಕೋಳಿಸಾರಿನ ಪಾತ್ರೆಯ ಪಕ್ಕದಲ್ಲೇ ಪ್ರತಿಷ್ಠಾಪನೆಗೊಂಡಿತು. ಒಂದೇ ಯಂತ್ರದ ಮುಂದೆ ನಾಲ್ವರು ಸರದಿಯಂತೆ ಕೂತು ಆಡಬಹುದಿತ್ತು. ಅತ್ತೆ ಹೆಣಗಳನ್ನು ಎಬ್ಬಿಸುವ ಮಾಂತ್ರಿಕಳನ್ನು ಆರಿಸಿಕೊಂಡು, “ಸತ್ತವರೇ ವಾಸಿ, ಹೇಳಿದ ಕೆಲಸ ಮಾಡ್ತಾರೆ, ಎದುರು ಮಾತಾಡಲ್ಲ” ಎಂದರು. ಯಜಮಾನರು ಕುದುರೆ ಸವಾರರಾಗಿ ಎಲ್ಲರ ಕುದುರೆಗಳಿಗೂ ಎಡಕ್ಕೆ ತಿರುಗುವ ಮೊದಲು ಹಿಂದೆ ನೋಡಬೇಕೆಂದು ಬೋಧಿಸಿದರು. ಬ್ರೋನ್ಯಾ ಅವರು ಗಿಡಮೂಲಿಕೆಯ ಮಾಟಗಾತಿಯಾದರು. ಝೆನೋನ್ ಭಾವ ಕಾಡುಹಂದಿಗಳ ಪಡೆಯ ಒಡೆಯರಾದರು. ಚಳಿಗಾಲ ಬಂದಾಗ ಕೆಲವು ಹಂದಿಗಳನ್ನು ಕಡಿದು ಉಳಿದ ಸೈನಿಕರಿಗೆ ಉಣಿಸದಿದ್ದರೆ ರಾಜ್ಯ ಉಳಿಯುವುದಿಲ್ಲ ಎಂಬ ತಮ್ಮ ಆಟದ ನಿಯಮವನ್ನು ಅವರು ಒಮ್ಮೆಯೂ ಪಾಲಿಸದೆ ಪ್ರತಿ ಭಾನುವಾರ ಹಸಿದು ಸೋಲುತ್ತಿದ್ದರು. ನಾನು ತಟ್ಟೆ ತೊಳೆಯುತ್ತಾ ಇದನ್ನೆಲ್ಲ ನೋಡುತ್ತಿದ್ದೆ.

ತಮ್ಮ ಆಟದ ಕಂಚಿನ ಗಂಟೆಯನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ. ಅದು ಬಾರಿಸಿದಾಗ ಪರದೆಯ ಮೇಲೆ “ಈಗ ಇಂಥವರ ಸರದಿ” ಎಂದು ಬರುತ್ತಿತ್ತು. ಪರದೆಯ ಮೂಲೆಯ ಮರಳಿನ ಗಡಿಯಾರ ಖಾಲಿಯಾಗುವ ತನಕ ಉಳಿದವರ ಕೈಗಳಿಗೆ ಏನೂ ಕೆಲಸವಿರಲಿಲ್ಲ. ಒಂದು ಭಾನುವಾರ ಆಟ ನಿಲ್ಲಿಸದೆ ಊಟಕ್ಕೆ ಕೂತಾಗ, ಗಂಟೆ ಬಾರಿಸಿ ಪರದೆಯಲ್ಲಿ ಝೆನೋನ್ ಎಂಬ ಹೆಸರು ಮೂಡಿತು. ಅದೇ ಹೊತ್ತಿಗೆ ಭಾವ ಬಾಯಿ ತೆರೆದರು, ಯಜಮಾನರೂ ತೆರೆದರು. ಅತ್ತೆ ಸೌಟನ್ನು ಮಗನ ಕಡೆ ಚಾಚಿ, “ಸೆವೆರಿನ್, ಅಲ್ಲಿ ನೋಡು, ಯಾರ ಸರದಿ ಅಂತ ಬರೆದಿದೆ? ಗಂಟೆ ಹೊಡೆಯೋವರೆಗೂ ಬಾಯಿ ಮುಚ್ಕೊಂಡಿರು” ಎಂದರು. ಮನುಷ್ಯರು ಹೇಳಿದ್ದರೆ ಈ ಮನೆಯಲ್ಲಿ ವಾದವಾಗುತ್ತಿತ್ತು. ಯಂತ್ರ ಹೇಳಿದ್ದಕ್ಕೆ ಎಲ್ಲರೂ ತಲೆಬಾಗಿದರು. ಝೆನೋನ್ ಭಾವ ಸುತ್ತ ನೋಡಿದರು, ಯಾರೂ ಅಡ್ಡ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, “ನಾನು ಮಾಂಸ ತಿನ್ನಲ್ಲ” ಎಂದರು.

ಮರಳು ಇನ್ನೂ ಉದುರುತ್ತಿತ್ತು, ಆದ್ದರಿಂದ ಅವರು ಮುಂದುವರಿಸಿದರು. “ಮದುವೆಗೆ ಮುಂಚಿನಿಂದಲೂ ತಿನ್ನಲ್ಲ. ಮೊದಲನೇ ಭಾನುವಾರವೇ ಹೇಳೋಕೆ ಹೋದೆ. ಅತ್ತೆ, ನೀವು ಹಾಕಿದ ಹಂದಿಮಾಂಸದ ಹೋಳನ್ನೆಲ್ಲ ಮೇಜಿನ ಕೆಳಗೆ ನಾಯಿಗೆ ಕೊಡ್ತಾ ಬಂದಿದೀನಿ. ಈಗಿರೋ ನಾಯಿಗೂ ಕೊಟ್ಟಿದೀನಿ, ಅದರ ಹಿಂದಿದ್ದ ನಾಯಿಗೂ ಕೊಟ್ಟಿದೀನಿ.” ಅತ್ತೆಯ ಉದ್ದ ಮೈಯ ಗಿಡ್ಡ ಕಾಲಿನ ನಾಯಿ ಪಾರುವ್ಕಾ, ಎಲೆಕೋಸಿನ ನೀರು ಕುಡಿಸಿದರೂ ಯಾಕೆ ಪೀಪಾಯಿಯಂತಾಗುತ್ತಿದೆಯೆಂದು ಊರಿನ ಪಶುವೈದ್ಯರೆಲ್ಲ ತಲೆ ಕೆರೆದುಕೊಂಡಿದ್ದರು. ಆವತ್ತು ವೈದ್ಯಶಾಸ್ತ್ರದ ಆ ಒಗಟನ್ನೂ ತಮ್ಮ ಗಂಟೆಯೇ ಬಿಡಿಸಿತು. ಬ್ರೋನ್ಯಾ ಅವರು ಗಂಡನನ್ನು ಯಾರೋ ಹೊಸಬರನ್ನು ನೋಡುವಂತೆ ನೋಡುತ್ತ, ತಮ್ಮ ಸರದಿ ಬಂದು ಹೋದದ್ದನ್ನೂ ಗಮನಿಸಲಿಲ್ಲ.

ಅಲ್ಲಿಂದ ಮುಂದಿನ ಭಾನುವಾರಗಳನ್ನು ನಮ್ಮ ಮನೆಯ ಸುವರ್ಣಯುಗ ಎನ್ನಬೇಕು. ಸಾರು ಬಿಸಿಯಾಗಿರುವಾಗಲೇ ಖಾಲಿಯಾಗುತ್ತಿತ್ತು, ಒಬ್ಬರು ಕೇಳಿದ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಕೊಡುತ್ತಿದ್ದರು. ಮೇಲಿನ ಮಹಡಿಯವರು ಬಂದು, ಮನೆಯಲ್ಲಿ ಏನಾದರೂ ಕೆಟ್ಟದ್ದು ಆಯಿತೇ, ಸದ್ದೇ ಇಲ್ಲವಲ್ಲ ಎಂದು ವಿಚಾರಿಸಿಕೊಂಡು ಹೋದರು.

ಆಮೇಲೆ ತಾವು ನಮ್ಮ ಮೇಲೆ ಕೃಪೆ ತೋರಿದಿರಿ. ಮೊದಲ ಭಾಗ ಕೊಂಡವರೆಲ್ಲರಿಗೂ ಎರಡನೇ ಭಾಗ ಉಚಿತ ಉಡುಗೊರೆಯಾಗಿ, ಯಾರನ್ನೂ ಕೇಳುವ ಗೋಜಿಲ್ಲದೆ, ತಾನೇ ಬಂದು ಹಳೆಯದರ ಜಾಗದಲ್ಲಿ ಕೂರುವಂತೆ ಏರ್ಪಾಡು ಮಾಡಿದಿರಿ. ಅದು ಬಂದು ಕೂತ ಮುಹೂರ್ತ ಮಾತ್ರ ಅಪೂರ್ವವಾಗಿತ್ತು. ಝೆನೋನ್ ಭಾವನ ಸರದಿ ನಡೆದಿತ್ತು. ಅವರ ಮುಖ ಕೆಂಪಾಗಿತ್ತು, ಚಮಚ ಕೆಳಗಿಟ್ಟಿದ್ದರು. “ಬ್ರೋನ್ಯಾ, ಬಹಳ ದಿನದಿಂದ ಹೇಳ್ಬೇಕು ಅಂತಿದ್ದೆ. ಮುಂದಿನ ಭಾನುವಾರದಿಂದ ಈ ಮನೇಲಿ ನಾನು...” ಎನ್ನುವಷ್ಟರಲ್ಲಿ ಪರದೆ ಕಪ್ಪಾಗಿ, ಕಹಳೆ ಮೊಳಗಿ, “ಇನ್ನು ಯಾರೂ ಕಾಯಬೇಕಿಲ್ಲ!” ಎಂಬ ಬಂಗಾರದ ಅಕ್ಷರಗಳು ಮೂಡಿದವು. ಲೆಕ್ಕವಿಲ್ಲದಷ್ಟು ಕುದುರೆಗಳು ಸಾರಿನ ಪಾತ್ರೆಯ ಕಡೆ ದೌಡಾಯಿಸಿದವು. ಯಜಮಾನರು “ಬ್ರೇಕ್! ಬ್ರೇಕ್!” ಎಂದು ಕೂಗಿದರು, ಅತ್ತೆ ತಮ್ಮ ಹೆಣಗಳನ್ನು ಹುಡುಕಿದರು, ಬ್ರೋನ್ಯಾ ಅವರು “ನೀನು ಏನು? ಈ ಮನೇಲಿ ನೀನು ಏನು?” ಎಂದು ಕಿರುಚಿದರು. ಒಮ್ಮೆ ಶುರುವಾದ ಮೇಲೆ ಯಾರೂ ನಿಲ್ಲಿಸಲಿಲ್ಲ. ಭಾವ ಚಮಚ ಕೈಗೆತ್ತಿಕೊಂಡು ಆರಿದ ಆಲೂಗಡ್ಡೆ ತಿಂದರು.

ಆ ಅರ್ಧ ವಾಕ್ಯ ನಮ್ಮ ಮನೆಯಲ್ಲಿ ಮಾಡಿದ ಹಾನಿಯನ್ನು ತಮ್ಮ ಮಾಟಗಾತಿಯರೆಲ್ಲ ಸೇರಿದರೂ ಮಾಡಲಾರರು. ಎರಡು ದಿನ ಬಿಟ್ಟು ಬ್ರೋನ್ಯಾ ಅವರು ನನ್ನ ಅಂಗಡಿಗೆ ಬಂದು ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕುಸಿದರು. ಎದುರಿನ ಅಕ್ಷರ ಓದಲು ಹೇಳಿದರೆ ಅವರಿಗೆ ಒಂದೂ ಕಾಣಲಿಲ್ಲ, ಕಣ್ಣ ತುಂಬ ನೀರು.

“ಇನ್ನೇನಿರತ್ತೆ ಯಾಗೋದಾ? ಮುಂದಿನ ಭಾನುವಾರದಿಂದ ಈ ಮನೇಲಿ ನಾನು ಕಾಲಿಡಲ್ಲ ಅಂತ. ಬಿಟ್ಟು ಹೋಗ್ತಾನೆ. ಯಾವಳೋ ಇದಾಳೆ, ಸೊಪ್ಪು ತಿನ್ನೋಳು.”

“ಭಾವನ್ನೇ ಕೇಳಿದ್ರಾ ಅತ್ತಿಗೆ?”

“ಕೇಳದೆ ಇರ್ತೀನಾ? ಎರಡು ದಿನದಿಂದ ಕೇಳ್ತಾನೇ ಇದೀನಿ. ಅವನು ಬಾಯಿ ತೆಗೀತಾನೆ, ನನಗೆ ಎದೆ ಹೊಡ್ಕೊಳ್ಳೋಕೆ ಶುರುವಾಗತ್ತೆ, ನಾನೇ ಮಾತಾಡಿಬಿಡ್ತೀನಿ. ಸುಮ್ನಿರೋಕೆ ಆಗಲ್ಲ ಕಣೇ ನನಗೆ. ಸುಮ್ನಿದ್ರೆ ಅವನು ಹೇಳಿಬಿಡ್ತಾನಲ್ಲ.”

ನಾನು ಅವರ ಕಣ್ಣಿಗೆ ಮಸೂರ ಬದಲಿಸುತ್ತಾ ಇದ್ದೆ.

ಅತ್ತೆ ತಮ್ಮ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಹಳೆಯ ಗಂಟೆಯನ್ನು ಮರಳಿ ಕಳಿಸಬೇಕೆಂದು ಬೇಡಿಕೊಂಡರು. ಆ ಕಡೆಯ ತರುಣಿ ಅತ್ಯಂತ ಮೃದುವಾಗಿ, “ಈಗ ಕಾಯೋಕೆ ಯಾರಿಗೂ ಪುರುಸೊತ್ತಿಲ್ಲ ಅಜ್ಜಿ, ಕಾಲದ ಜೊತೆ ನಾವೂ ಓಡ್ಬೇಕು” ಎಂದಳಂತೆ. ಮಂಡಿಯ ಕೀಲು ಬದಲಿಸಿಕೊಂಡಿರುವ ನನ್ನ ಅತ್ತೆಗೆ ಓಡಲು ಹೇಳಿದ ಆ ತರುಣಿಯ ಕಾಳಜಿಗೆ ನಮ್ಮ ಕುಟುಂಬದ ಕೃತಜ್ಞತೆಗಳು.

ಮುಂದಿನ ಭಾನುವಾರ ಅತ್ತೆ ಕಂಪ್ಯೂಟರಿನ ಪ್ಲಗ್ ಕಿತ್ತರು. ಪಾರುವ್ಕಾವನ್ನು ಎರಡೂ ಕೈಗಳಲ್ಲಿ ಎತ್ತಿ, ಉಸಿರು ಬಿಡುತ್ತಾ ತಂದು, ಝೆನೋನ್ ಭಾವನ ತೊಡೆಯ ಮೇಲೆ ಕೂರಿಸಿ, “ನಾಯಿ ಯಾರ ಹತ್ರ ಇರತ್ತೋ ಸರದಿ ಅವರದು” ಎಂದು ಸಾರಿದರು. ಯಜಮಾನರು ಆಕ್ಷೇಪಿಸಲು ಬಾಯಿ ತೆರೆದೊಡನೆ ಪಾರುವ್ಕಾ ಹಲ್ಲು ತೋರಿಸಿ ಬೊಗಳಿತು. ಅವರು ಮಾತನ್ನು ಗೇರಿನಿಂದ ಇಳಿಸಿಬಿಟ್ಟರು. ತಮ್ಮ ಆಟದ ಯಾವ ಕಾವಲು ರಾಕ್ಷಸನೂ ಕೆಲಸವನ್ನು ಇಷ್ಟು ನಿಷ್ಠೆಯಿಂದ ಮಾಡಿದ್ದನ್ನು ನಾನು ಕಂಡಿಲ್ಲ.

ಬ್ರೋನ್ಯಾ ಅವರು ಮೇಜಿನ ಬಟ್ಟೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು.

“ಮುಂದಿನ ಭಾನುವಾರದಿಂದ ಈ ಮನೇಲಿ ನಾನು,” ಎಂದರು ಭಾವ, “ಅಡುಗೆ ಮಾಡ್ಲಾ ಅಂತ ಕೇಳೋಣ ಅಂತಿದ್ದೆ. ಬೇಯಿಸಿದ ಆಲೂಗಡ್ಡೆ, ಮೊಸರುಗಿಣ್ಣು, ಮೇಲೆ ಈರುಳ್ಳಿ. ಅಷ್ಟೇ.”

ಬ್ರೋನ್ಯಾ ಅವರು “ಅಷ್ಟಕ್ಕೆ ನನ್ನನ್ನ...” ಎಂದರು. ನಾಯಿ ಬೊಗಳಿತು. ಅವರು ಸುಮ್ಮನಾದರು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರು ಶುರು ಮಾಡಿದ ಮಾತನ್ನು ಅರ್ಧಕ್ಕೇ ಬಿಟ್ಟದ್ದನ್ನು ನೋಡಿದ್ದು ಅದೇ ಮೊದಲು.

“ಇನ್ನೊಂದಿದೆ,” ಎಂದರು ಭಾವ ನಾಯಿಯ ಕಿವಿ ಸವರುತ್ತಾ. “ನಾವು ಮೊದಲನೇ ಸಲ ಸಿಕ್ಕಿದಾಗ, ಟ್ರಾಮ್‌ನಲ್ಲಿ, ನಿನಗೆ ಕುಣಿಯೋದು ಇಷ್ಟಾನಾ ಅಂತ ನೀನು ಕೇಳಿದೆ. ನಾನು ಉತ್ತರ ಶುರು ಮಾಡಿದ್ದೆ, ಅಷ್ಟರಲ್ಲಿ ನೀನು ಕ್ಲಬ್ಬಿಗೆ ನಮ್ಮಿಬ್ಬರ ಹೆಸರು ಬರೆಸಿಬಿಟ್ಟೆ. ಆವತ್ತಿನಿಂದ ಶನಿವಾರ ಶನಿವಾರ ಕುಣೀತಾನೇ ಇದೀವಿ. ನನಗೆ ಇಷ್ಟ ಇಲ್ಲ ಬ್ರೋನ್ಯಾ. ಒಂದು ಸಲಾನೂ ಇಷ್ಟ ಆಗಿಲ್ಲ. ಆದ್ರೆ ನೀನು ಕುಣಿಯೋವಾಗ ಮಾತಾಡಲ್ಲ, ನಗ್ತೀಯ. ಅದನ್ನ ನೋಡೋಕೆ ಬರ್ತಿದ್ದೆ.”

ನಾಯಿಗೆ ಬೊಗಳಲು ಏನೂ ಸಿಗಲಿಲ್ಲ. ಬ್ರೋನ್ಯಾ ಅವರು ಎದ್ದು ಹೋಗಿ ಗಂಡನ ತಟ್ಟೆಗೆ ಅತ್ತೆ ರೂಢಿಬಲದಿಂದ ಈಗಲೂ ಬಡಿಸಿದ್ದ ಮಾಂಸದ ಹೋಳನ್ನು ತಾವೇ ತೆಗೆದು ಪಾರುವ್ಕಾಗೆ ಕೊಟ್ಟು, ಕೈ ಒರೆಸಿಕೊಳ್ಳದೆ ಅವರ ಭುಜದ ಮೇಲಿಟ್ಟು ನಿಂತರು.

ಎಲ್ಲ ಸುಖವಾಗಿ ಮುಗಿದ ಮೇಲೆ ದೂರು ಯಾತಕ್ಕೆ ಎಂದು ತಾವು ಕೇಳಬಹುದು. ಮಾನ್ಯರೇ, ಮುಗಿದಿಲ್ಲ. ಪಾರುವ್ಕಾಗೆ ಝೆನೋನ್ ಭಾವನ ತೊಡೆಯನ್ನು ಬಿಟ್ಟು ಬೇರೆ ತೊಡೆಯೇ ಬೇಡವಾಗಿದೆ. ಇಷ್ಟು ವರ್ಷ ಹೊಟ್ಟೆ ತುಂಬಿಸಿದವರನ್ನು ಅದು ಹೇಗೆ ಬಿಟ್ಟೀತು? ಆದ್ದರಿಂದ ಸರದಿ ಅವರಿಂದ ಮುಂದಕ್ಕೆ ಹೋಗುವುದೇ ಇಲ್ಲ. ತಾಳೆ ಮರದ ಬೇರುಗಳ ಬಗ್ಗೆ, ಗಾಜಿನ ಮನೆಯ ತೇವದ ಬಗ್ಗೆ, ಯಾವ ಗೊಬ್ಬರಕ್ಕೆ ಯಾವ ಎಲೆ ಹೇಗೆ ಬಾಗುತ್ತದೆಂಬ ಬಗ್ಗೆ ಅವರು ಊಟದ ಆರಂಭದಿಂದ ಕತ್ತಲಾಗುವ ತನಕ ಮಾತಾಡುತ್ತಾರೆ. ಯಜಮಾನರು ತುಟಿ ಕಚ್ಚಿ ಕಚ್ಚಿ ಬಣ್ಣಗೆಟ್ಟಿದ್ದಾರೆ. ಬ್ರೋನ್ಯಾ ಅವರು ಮಾತ್ರ ಗಲ್ಲಕ್ಕೆ ಕೈಯಿಟ್ಟು ಗೊಬ್ಬರದ ಕಥೆ ಕೇಳುತ್ತಾರೆ, ಇನ್ನಷ್ಟು ಹೇಳು ಎಂಬಂತೆ ತಲೆಯಾಡಿಸುತ್ತಾರೆ. ಅಡುಗೆಯ ವಿಷಯ ಬರೆಯುವುದು ಬೇಡ, ಈರುಳ್ಳಿ ಚೆನ್ನಾಗಿರುತ್ತದೆ.

ಆದಕಾರಣ ತಾವು ದಯಮಾಡಿ ಹಳೆಯ ಗಂಟೆಯನ್ನು ಮರಳಿ ಕಳಿಸಿಕೊಡಬೇಕೆಂದೂ, ಅದರ ಒಂದು ಸಣ್ಣ ಪ್ರತಿಯನ್ನು ನನ್ನ ಯಜಮಾನರ ಗಂಟಲಲ್ಲಿ ಅಳವಡಿಸಲು ತಜ್ಞರೊಬ್ಬರನ್ನು ಪೊಜ್ನಾನ್‌ಗೆ ಕಳಿಸಬೇಕೆಂದೂ, ನಾಯಿಯನ್ನು ತೊಡೆಯಿಂದ ತೊಡೆಗೆ ಸರಿಸುವ ಮಂತ್ರವೊಂದನ್ನು ತಮ್ಮ ಮಾಟಗಾತಿಯರಲ್ಲಿ ಹಿರಿಯಳಾದವಳಿಂದ ಬರೆಸಿ ಕಳಿಸಬೇಕೆಂದೂ ಪ್ರಾರ್ಥಿಸುತ್ತೇನೆ. ಮೂರನೇ ಭಾಗದಲ್ಲಿ ತಾಳೆ ಮರಗಳಿರುವುದಾದರೆ ಝೆನೋನ್ ಭಾವ ತಮ್ಮ ಕಚೇರಿಗೇ ಬಂದು ಮಾಹಿತಿ ಕೊಡಲು ಸಿದ್ಧರಿದ್ದಾರೆ. ನಾಯಿಯನ್ನೂ ಕರೆತರುತ್ತಾರೆ. ತಾವು ಕುರ್ಚಿಗಳನ್ನು ಸಿದ್ಧವಾಗಿಟ್ಟರೆ ಸಾಕು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಯಾಗೋದಾ ಕೊಸ್ಮಾಲಾ

ಮರೆತ ಮಾತು: ಈ ದೂರಿನ ಸಾರಾಂಶವನ್ನು ಮೊದಲೇ ತಮ್ಮ ಜಾಲತಾಣದ ಮೂಲಕ ಕಳಿಸಿದ್ದೆ. ಕೂಡಲೇ ತಮ್ಮ ಯಂತ್ರದಿಂದ ಉತ್ತರ ಬಂದಿದೆ: “ತಮ್ಮ ಪತ್ರ ತಲುಪಿದೆ. ದಯವಿಟ್ಟು ಕಾಯಿರಿ, ತಮ್ಮ ಸರದಿ ಬಂದಾಗ ತಿಳಿಸುತ್ತೇವೆ.” ಅತ್ತೆ ಅದನ್ನು ಗಟ್ಟಿಯಾಗಿ ಓದಿಸಿ ಕೇಳಿ, ಸರದಿಯನ್ನು ತಾವು ಬಿಸಾಡಿರಲಿಲ್ಲ, ತಮ್ಮ ಹತ್ತಿರವೇ ಇಟ್ಟುಕೊಂಡಿದ್ದೀರೆಂದು ತಿಳಿದು ನೆಮ್ಮದಿಯಾಯಿತು ಎಂದು ತಿಳಿಸಲು ಹೇಳಿದ್ದಾರೆ.